ಹಳೆಯ ಕಿನೆಸಿಸ್ ಕೀಲಿಮಣೆಯನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಪಳಗಿಸುವುದು

ಹೋದ ವರ್ಷ ಹೊಸ ಲ್ಯಾಪ್‌ಟಾಪ್ ಬಂದ ದಿನ ನಾನು ಮೊದಲು ಮಾಡಿದ್ದು ನನ್ನ ಹಳೆಯ ಕೀಲಿಮಣೆಗೆ ತಂತ್ರಾಂಶ ಹುಡುಕುವ ಕೆಲಸ. ಒಂದು ಇಡೀ ಸಂಜೆ ಅದರಲ್ಲೇ ಕಳೆಯಿತು. ಸಿಕ್ಕಿದ ತಂತ್ರಾಂಶ ನನ್ನ ಕೀಲಿಮಣೆಯನ್ನು ಗುರುತಿಸಲೇ ಇಲ್ಲ. ಮರುದಿನ ಬೆಳಿಗ್ಗೆ, ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ಕಾಗದದ ಕೈಪಿಡಿಯನ್ನು ತೆರೆದಾಗ ನೆನಪಾಯಿತು: ಇದಕ್ಕೆ ಯಾವ ತಂತ್ರಾಂಶವೂ ಬೇಡ, ಎಂದೂ ಬೇಕಿರಲಿಲ್ಲ. ಇದರ ಎಲ್ಲ ವ್ಯವಸ್ಥೆಯೂ ಕೀಲಿಮಣೆಯ ಒಳಗೇ ಇದೆ. ಇಂಥದ್ದೇ ಕೀಲಿಮಣೆ ಕೈಗೆ ಬಂದವರ ಒಂದು ಸಂಜೆಯಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಕಿನೆಸಿಸ್ ಅಡ್ವಾಂಟೇಜ್. ಎರಡು ಬೋಗುಣಿಗಳನ್ನು ಪಕ್ಕಪಕ್ಕ ಇಟ್ಟಂತೆ ಕಾಣುವ, ಎರಡೂ ಹೆಬ್ಬೆರಳಿಗೆ ಆರಾರು ಕೀಲಿ ಇರುವ ಕೀಲಿಮಣೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆ ಕಂಪನಿ ಈ ಆಕಾರದ ಕೀಲಿಮಣೆಯನ್ನು 1992ರಿಂದ ಮಾಡುತ್ತಿದೆ. ನಾನು ಬೆಂಗಳೂರಿನಲ್ಲಿ ವೈದ್ಯಕೀಯ ಟ್ರಾನ್ಸ್‌ಕ್ರಿಪ್ಷನ್ ಕೆಲಸದಲ್ಲಿದ್ದೆ. ಅಮೆರಿಕದ ವೈದ್ಯರು ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ದಿನಕ್ಕೆ ಎಂಟು ಗಂಟೆ ಟೈಪ್ ಮಾಡುವುದು. ಮೂರನೆಯ ವರ್ಷಕ್ಕೆ ಬಲಗೈ ಮಣಿಕಟ್ಟು ರಾತ್ರಿ ನಿದ್ದೆ ಬಿಡದಷ್ಟು ನೋಯತೊಡಗಿತು. ಆಗ ಸಿಯಾಟಲ್ ಹತ್ತಿರ ಇದ್ದ ದೊಡ್ಡಮ್ಮನ ಮಗ, ನಮ್ಮ ಅಣ್ಣ, ಊರಿಗೆ ಬರುವಾಗ ತಾನು ಬಳಸುತ್ತಿದ್ದ ಇದನ್ನೇ ಬಟ್ಟೆಗಳ ನಡುವೆ ಸುತ್ತಿ ತಂದುಕೊಟ್ಟ. ಈಗ ನಾನು ಸಾಗರದಲ್ಲಿ ಮನೆಯಲ್ಲೇ ಕುಳಿತು ಕನ್ನಡದ ಸಂದರ್ಶನಗಳ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುತ್ತೇನೆ. ಲ್ಯಾಪ್‌ಟಾಪ್‌ಗಳು ಮೂರು ಬದಲಾದವು, ಕೀಲಿಮಣೆ ಅದೇ ಇದೆ.

ಮೊದಲು ಕೀಲಿಮಣೆಯನ್ನು ಮಗುಚಿ ಅಡಿಯ ಚೀಟಿ ಓದಿ. ಕೆಬಿ500 ಸಾಲಿನ ಸಂಖ್ಯೆ ಇದ್ದರೆ ನಿಮ್ಮದೂ ನನ್ನದರಂತೆ ಹಳೆಯ ಅಡ್ವಾಂಟೇಜ್. ಕೆಬಿ600 ಎಂದಿದ್ದರೆ ಅದು 2016ರಲ್ಲಿ ಬಂದ ಅಡ್ವಾಂಟೇಜ್2. ಸ್ಮಾರ್ಟ್‌ಸೆಟ್ ಎಂಬ ತಂತ್ರಾಂಶ ಇರುವುದು ಆ ಹೊಸ ಪೀಳಿಗೆಗೆ. ನನ್ನ ಸಂಜೆ ಹಾಳಾದದ್ದು ಅದನ್ನು ಹಳೆಯದಕ್ಕೆ ಜೋಡಿಸಲು ಹೋಗಿ. ನಿಮ್ಮದರ ತಂತಿಯ ತುದಿಯಲ್ಲಿ ಯುಎಸ್‌ಬಿ ಇದ್ದರೆ ಚಿಂತೆಯಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸಿ ಮಾದರಿಯ ತೂತು ಮಾತ್ರ ಇದ್ದರೂ ಮೊಬೈಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರ್ ಸಾಕು. ಇನ್ನೂ ಹಳೆಯದಾಗಿ, ದುಂಡಗಿನ ಪಿಎಸ್/2 ಪ್ಲಗ್ ಇದ್ದರೆ ಮಾತ್ರ ಒಳಗೆ ಸಣ್ಣ ಚಿಪ್ ಇರುವ ಪರಿವರ್ತಕ ಬೇಕು. ಬರೀ ಪ್ಲಗ್ಗಿನ ಆಕಾರ ಬದಲಿಸುವ ಪುಟ್ಟ ತುಂಡು ಅಂಥ ಹಳೆಯ ಕೀಲಿಮಣೆಗೆ ಕೆಲಸ ಮಾಡುವುದಿಲ್ಲ, ಏಕೆಂದರೆ ಎರಡರ ಸಂಕೇತದ ರೀತಿಯೇ ಬೇರೆ.

ಸಿಕ್ಕಿಸುವಾಗ ಮೊದಲ ಸಲ ನೇರ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ. ಹತ್ತು ತಂತಿ ಹೊತ್ತ ಹಬ್ ಮೂಲಕ ಆಮೇಲೆ ನೋಡಿಕೊಳ್ಳಬಹುದು. ವಿಂಡೋಸ್ 11 ಆಗಲಿ, ಮ್ಯಾಕ್ ಆಗಲಿ, ಲಿನಕ್ಸ್ ಆಗಲಿ, ಸಾಮಾನ್ಯ ಕೀಲಿಮಣೆ ಎಂದೇ ಇದನ್ನು ಗುರುತಿಸುತ್ತದೆ. ಹಿಂಬದಿಯಲ್ಲಿ ಎರಡು ಯುಎಸ್‌ಬಿ ತೂತುಗಳಿವೆ. ಮೌಸ್‌ಗೆ ಅವು ಸಾಕು, ಹಾರ್ಡ್ ಡಿಸ್ಕ್ ಹಾಕಬೇಡಿ, ಅಷ್ಟು ವಿದ್ಯುತ್ ಅಲ್ಲಿ ಬರುವುದಿಲ್ಲ.

ಮುಂದಿನದಕ್ಕೆ ಹೋಗುವ ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನನಗೆ ಇದು ಹೊಳೆಯಲು ವರ್ಷಗಳೇ ಹಿಡಿದವು. ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ, ಜಾಗ ಮಾತ್ರ ಗೊತ್ತು. ಕೆ ಎಂದು ಬರೆದ ಕೀಲಿ ಒತ್ತಿದಾಗ ಅದು ಕಂಪ್ಯೂಟರಿಗೆ ಕಳಿಸುವುದು ಇಂಥ ಜಾಗದ ಕೀಲಿ ಒತ್ತಲಾಯಿತು ಎಂಬ ಒಂದು ಸಂಖ್ಯೆಯನ್ನು. ಅದನ್ನು ಇಂಗ್ಲಿಷಿನ ಕೆ ಎಂದು ಓದಬೇಕೇ, ಕನ್ನಡದ ಕ ಎಂದು ಓದಬೇಕೇ ಎನ್ನುವುದನ್ನು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿರುವ ಭಾಷಾ ವಿನ್ಯಾಸ. ಹಾಗಾಗಿ ಕೀಲಿಮಣೆಯ ಒಳಗೆ ನೀವು ಮಾಡುವ ಬದಲಾವಣೆ ಮೊದಲು ನಡೆಯುತ್ತದೆ, ಕನ್ನಡ ಆಮೇಲೆ ಬರುತ್ತದೆ. ಈ ಅನುಕ್ರಮ ತಲೆಯಲ್ಲಿದ್ದರೆ ಕೆಳಗಿನ ಯಾವುದೂ ಗೊಂದಲ ಎನಿಸುವುದಿಲ್ಲ. ಇಲ್ಲದಿದ್ದರೆ ನನ್ನಂತೆ ಕೀಲಿಮಣೆಯ ತಪ್ಪನ್ನು ವಿಂಡೋಸ್‌ನಲ್ಲಿ, ವಿಂಡೋಸ್‌ನ ತಪ್ಪನ್ನು ಕೀಲಿಮಣೆಯಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಬೇರೆಯವರ ಕೈಯಿಂದ ಬಂದ ಕೀಲಿಮಣೆಯಾದರೆ ಅದರಲ್ಲಿ ಅವರ ಬದಲಾವಣೆಗಳು ಇನ್ನೂ ಕುಳಿತಿರುತ್ತವೆ. ತಂತಿ ಕಿತ್ತರೂ, ವರ್ಷಗಟ್ಟಲೆ ಅಟ್ಟದ ಮೇಲಿದ್ದರೂ ಅವು ಅಳಿಯುವುದಿಲ್ಲ. ಅಣ್ಣ ಕೊಟ್ಟಾಗ ನನ್ನದರಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಎಸ್ಕೇಪ್ ಆಗುತ್ತಿತ್ತು. ಕೆಟ್ಟಿದೆ ಎಂದುಕೊಂಡು ಎರಡು ವಾರ ಬಳಸದೇ ಇಟ್ಟಿದ್ದೆ. ಎಲ್ಲವನ್ನೂ ಅಳಿಸಿ ಹುಟ್ಟಿದ ಸ್ಥಿತಿಗೆ ತರಲು ತಂತಿಯನ್ನು ಕಿತ್ತು, ಮೇಲಿನ ಸಾಲಿನ ಎಫ್7 ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಮತ್ತೆ ಸಿಕ್ಕಿಸಿ. ನಡುವಿನ ದೀಪಗಳು ಮಿನುಗಿದ ಮೇಲೆ ಬೆರಳು ತೆಗೆಯಿರಿ. ಮ್ಯಾಕ್ರೋಗಳನ್ನು, ಅಂದರೆ ಒಂದೇ ಕೀಲಿಗೆ ಕಟ್ಟಿದ ಹಲವು ಒತ್ತುಗಳನ್ನು, ಉಳಿಸಿಕೊಂಡು ಕೀಲಿಗಳ ಸ್ಥಾನಗಳನ್ನು ಮಾತ್ರ ಮೊದಲಿನಂತೆ ಮಾಡಬೇಕಿದ್ದರೆ ಪ್ರೋಗ್ರಾಂ ಮತ್ತು ಶಿಫ್ಟ್ ಹಿಡಿದು ಎಫ್10 ಒತ್ತಬೇಕು. ಪ್ರೋಗ್ರಾಂ ಎನ್ನುವುದು ಬಲ ಮೇಲ್ತುದಿಯ ಸಣ್ಣ ರಬ್ಬರ್ ಗುಂಡಿ. ಆ ಸಾಲಿನ ಗುಂಡಿಗಳನ್ನು ನೇರ ನಡುವೆ, ಸ್ವಲ್ಪ ಗಟ್ಟಿಯಾಗಿ ಒತ್ತಬೇಕು.

ಅಳಿಸುವ ಮೊದಲು ಒಂದು ನೋಟುಬುಕ್ಕಿನ ಪುಟದಲ್ಲಿ ನಿಮ್ಮ ಬದಲಾವಣೆಗಳನ್ನೆಲ್ಲ ಬರೆದುಕೊಳ್ಳಿ. ಈ ಕೀಲಿಮಣೆಯಲ್ಲಿರುವುದನ್ನು ಕಡತವಾಗಿ ಹೊರತೆಗೆದು ಇಟ್ಟುಕೊಳ್ಳಲು ಬರುವುದಿಲ್ಲ. ನಾನು ಒಮ್ಮೆ ಏನನ್ನೂ ಬರೆದಿಡದೆ ಎಫ್7 ಹಿಡಿದು, ಆರು ವರ್ಷ ಕೂಡಿಸಿಕೊಂಡು ಬಂದಿದ್ದ ಮ್ಯಾಕ್ರೋಗಳನ್ನು ಕಳೆದುಕೊಂಡೆ. ನೆನಪಿನಿಂದ ಮತ್ತೆ ಕಟ್ಟಿಕೊಳ್ಳಲು ಹೋದಾಗ ಬೆರಳಿಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ. ಈಗ ಕೀಲಿಮಣೆಯ ಚಿತ್ರ ಬರೆದ ಪುಟವೊಂದನ್ನು ಅದರ ಅಡಿಗೇ ಅಂಟಿಸಿದ್ದೇನೆ.

ಹುಟ್ಟಿದ ಸ್ಥಿತಿಗೆ ತಂದ ಮೇಲೆ ಮೊದಲ ಕೆಲಸ, ಯಾವ ಬಗೆಯ ಕಂಪ್ಯೂಟರ್ ಎಂದು ಕೀಲಿಮಣೆಗೆ ಹೇಳುವುದು. ಎಡ ಮೇಲ್ತುದಿಯ = ಕೀಲಿಯನ್ನು ಒತ್ತಿ ಹಿಡಿದು, ವಿಂಡೋಸ್ ಆದರೆ ಡಬ್ಲ್ಯು, ಮ್ಯಾಕ್ ಆದರೆ ಎಂ ಒತ್ತಿ. ಹೆಬ್ಬೆರಳ ಕೀಲಿಗಳು ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಇದನ್ನು ಕೀಲಿಗಳ ಅದಲುಬದಲಿಗಿಂತ ಮೊದಲೇ ಮುಗಿಸಿಬಿಡಿ, ಏಕೆಂದರೆ ಮುಂದೆ ನಾವು ಇದೇ = ಕೀಲಿಯನ್ನು ಎತ್ತಿ ಬೇರೆಡೆ ಇಡುತ್ತೇವೆ. ಪ್ರತಿ ಒತ್ತಿಗೂ ಬರುವ ಟಿಕ್ ಸದ್ದು ಬೇಡವಾದರೆ ಪ್ರೋಗ್ರಾಂ ಹಿಡಿದು \ ಒತ್ತಿ. ಮನೆಯಲ್ಲಿ ರಾತ್ರಿ ಕೆಲಸ ಮಾಡುವವರಿಗೆ ಇದು ಬೇಕಾಗುತ್ತದೆ. ಇದನ್ನೂ ಮೊದಲೇ ಮಾಡಿ ಮುಗಿಸಿ.

ಈಗ ಅಸಲು ಕೆಲಸ. ಒಂದು ಕೀಲಿಯ ಕೆಲಸವನ್ನು ಇನ್ನೊಂದಕ್ಕೆ ನಕಲು ಮಾಡುವುದು ಹೀಗೆ: ಪ್ರೋಗ್ರಾಂ ಹಿಡಿದು ಎಫ್12 ಒತ್ತಿ. ನಡುವಿನ ದೀಪಗಳು ಬೇಗ ಬೇಗ ಮಿನುಗುತ್ತವೆ. ಯಾವ ಕೀಲಿಯ ಕೆಲಸ ಬೇಕೋ ಅದನ್ನು ಒಮ್ಮೆ ಒತ್ತಿ ಬಿಡಿ. ದೀಪಗಳ ಮಿನುಗು ನಿಧಾನವಾಗುತ್ತದೆ. ಆ ಕೆಲಸ ಎಲ್ಲಿಗೆ ಹೋಗಬೇಕೋ ಆ ಕೀಲಿಯನ್ನು ಒತ್ತಿ. ಮಿನುಗು ಮತ್ತೆ ಬೇಗವಾಗುತ್ತದೆ, ಅಂದರೆ ಮುಂದಿನ ಜೋಡಿಗೆ ಕೀಲಿಮಣೆ ಸಿದ್ಧವಾಗಿದೆ. ಬೇಕಾದ ಜೋಡಿಗಳೆಲ್ಲ ಮುಗಿದ ಮೇಲೆ ಮತ್ತೆ ಪ್ರೋಗ್ರಾಂ ಮತ್ತು ಎಫ್12. ಮೊದಲು ಕೊಡುವ ಕೀಲಿ, ಆಮೇಲೆ ಪಡೆಯುವ ಕೀಲಿ. ಈ ಅನುಕ್ರಮವನ್ನು ಬಾಯಲ್ಲಿ ಹೇಳಿಕೊಂಡು ಮಾಡಿ. ದೀಪಗಳಿಂದ ಕಣ್ಣು ತೆಗೆಯಬೇಡಿ, ನಿಮಗೆ ಉತ್ತರ ಕೊಡುವುದು ಅವು ಮಾತ್ರ. ಒಂದೇ ಕೀಲಿಯನ್ನು ಮೊದಲಿನಂತೆ ಮಾಡಬೇಕಿದ್ದರೆ ಅದನ್ನೇ ಎರಡೂ ಸಲ ಒತ್ತಿದರಾಯಿತು.

ಕನ್ನಡ ಬರೆಯುವವರಿಗೆ ಇದು ಏಕೆ ಬೇಕು ಎಂದು ಹೇಳುತ್ತೇನೆ. ನಾನು ಬರೆಯುವುದು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಎಂದು ಸೇರಿಸಿಕೊಂಡರೆ ಬರುವ ಹಳೆಯ ವಿನ್ಯಾಸ ಅದೇ. ಕಗಪ ವಿನ್ಯಾಸದವರಿಗೆ ಅಕ್ಷರಗಳು ಇಂಗ್ಲಿಷ್ ಅಕ್ಷರದ ಕೀಲಿಗಳಲ್ಲೇ ಇರುವುದರಿಂದ ಈ ತೊಡಕು ಬರುವುದಿಲ್ಲ. ಅವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಟ್ಟು ಮುಂದೆ ಹೋಗಬಹುದು. ಇನ್‌ಸ್ಕ್ರಿಪ್ಟ್ ಮಾತ್ರ ಚಿಹ್ನೆಗಳ ಕೀಲಿಗಳಿಗೂ ಅಕ್ಷರ ಕೊಡುತ್ತದೆ. [ ಒತ್ತಿದರೆ ಡ, ಶಿಫ್ಟ್ ಜೊತೆಗೆ ಒತ್ತಿದರೆ ಢ. ` ಒತ್ತಿದರೆ ೊ, = ಒತ್ತಿದರೆ ೃ. ಸಾಮಾನ್ಯ ಕೀಲಿಮಣೆಯಲ್ಲಿ [ ಇರುವುದು ಪಿ ಪಕ್ಕದಲ್ಲಿ, ` ಇರುವುದು ಅಂಕಿ ಒಂದರ ಎಡಕ್ಕೆ. ಕಿನೆಸಿಸ್‌ನಲ್ಲಿ ಪಿ ಪಕ್ಕ ಇರುವುದು \, ಒಂದರ ಎಡಕ್ಕೆ ಇರುವುದು =. ಚೌಕಾವರಣಗಳು ಬಲಗಡೆಯ ಕೆಳಸಾಲಿಗೆ ಹೋಗಿವೆ, ` ಎಡಗಡೆಯ ಕೆಳಸಾಲಿಗೆ ಇಳಿದಿದೆ. ಮಾಡು, ನೋಡು, ಕೊಡು, ಹಾಡು, ಕಾಡು ಎಂದು ಕನ್ನಡದಲ್ಲಿ ಡ ಬಾರದ ಸಾಲು ಕಡಿಮೆ. ಪ್ರತಿ ಸಲ ಕಿರುಬೆರಳನ್ನು ಕೆಳಗೆ ಇಳಿಸಬೇಕಾದರೆ ಈ ಕೀಲಿಮಣೆಯ ಸುಖವೇ ಹೋಗುತ್ತದೆ.

ಹಾಗಾಗಿ ನಾನು ಎರಡು ಅದಲುಬದಲು ಮಾಡಿಕೊಂಡಿದ್ದೇನೆ. ಪ್ರೋಗ್ರಾಂ ಎಫ್12 ಆದ ಮೇಲೆ: [ ಒತ್ತಿ, \ ಒತ್ತಿ. ಆಮೇಲೆ \ ಒತ್ತಿ, [ ಒತ್ತಿ. ಆಮೇಲೆ ` ಒತ್ತಿ, = ಒತ್ತಿ. ಕೊನೆಗೆ = ಒತ್ತಿ, ` ಒತ್ತಿ. ಇಲ್ಲಿ ನಾನು ಹೇಳುತ್ತಿರುವುದು ಕೀಲಿಯ ಮೇಲೆ ಅಚ್ಚಾಗಿರುವ ಚಿಹ್ನೆಯನ್ನು. ಕೊಡುವ ಕೀಲಿ ಯಾವಾಗಲೂ ತನ್ನ ಮೂಲ ಕೆಲಸವನ್ನೇ ಕೊಡುತ್ತದೆ, ಆಗಷ್ಟೇ ಪಡೆದ ಹೊಸ ಕೆಲಸವನ್ನಲ್ಲ. ಆದ್ದರಿಂದ ಅದಲುಬದಲಿಗೆ ಮೂರನೆಯ ಕೀಲಿಯ ನೆರವು ಬೇಕಿಲ್ಲ. ಹೊರಬಂದು ಕನ್ನಡದಲ್ಲಿ ‘ಕೊಡು’ ಎಂದು ಬರೆದು ನೋಡಿ. ೊ ಮತ್ತು ಡ ಎರಡೂ ಅದರಲ್ಲಿ ಇವೆ. ಜ್ಞ, ಕ್ಷ, ತ್ರ, ಶ್ರಗಳಿಗಾಗಿ ಕೀಲಿಗಳನ್ನು ಖರ್ಚು ಮಾಡಬೇಡಿ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಹಿಡಿದು ಐದು ಒತ್ತಿದರೆ ಜ್ಞ, ಏಳು ಒತ್ತಿದರೆ ಕ್ಷ ನೇರವಾಗಿ ಬರುತ್ತವೆ.

ಭಾಷೆ ಬದಲಿಸುವ ಕೀಲಿಗೂ ಒಂದು ಉಪಾಯ ಬೇಕು. ವಿಂಡೋಸ್‌ನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತುತ್ತೇವೆ. ಕಿನೆಸಿಸ್‌ನಲ್ಲಿ ಎರಡೂ ಬಲ ಹೆಬ್ಬೆರಳ ಪಾಲಿಗೇ ಬಂದಿವೆ. ಒಂದೇ ಹೆಬ್ಬೆರಳು ಎರಡನ್ನೂ ಒತ್ತಲು ಮಣಿಕಟ್ಟನ್ನು ತಿರುಚಬೇಕು, ನಾನು ಈ ಕೀಲಿಮಣೆಗೆ ಬಂದದ್ದೇ ಆ ತಿರುಚಾಟ ತಪ್ಪಿಸಿಕೊಳ್ಳಲು. ಎಡಗಡೆಯ ಕೆಳಸಾಲಿನಲ್ಲಿ ` ಪಕ್ಕಕ್ಕೆ ಯಾರೂ ಬಳಸದ ಇನ್ನೊಂದು ಕೀಲಿ ಇದೆ. ಅದಕ್ಕೆ ವಿಂಡೋಸ್ ಕೀಲಿಯ ಕೆಲಸವನ್ನು ನಕಲು ಮಾಡಿ. ಎಡಗೈಯ ಬೆರಳು ಅದನ್ನು ಹಿಡಿಯುತ್ತದೆ, ಬಲ ಹೆಬ್ಬೆರಳು ಸ್ಪೇಸ್ ಒತ್ತುತ್ತದೆ. ದಿನಕ್ಕೆ ನೂರಾರು ಸಲ ಮಾಡುವ ಕೆಲಸವಿದು. ಇಡೀ ಕೀಲಿಮಣೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಎಂದರೆ ನಾನು ಆರಿಸುವುದು ಇದನ್ನೇ.

ಮ್ಯಾಕ್ರೋ ಎಂದರೆ ಹಲವು ಒತ್ತುಗಳನ್ನು ಒಂದು ಕೀಲಿಗೆ ಕಟ್ಟಿಹಾಕುವುದು. ಖಾಲಿ ನೋಟ್‌ಪ್ಯಾಡ್ ಒಂದನ್ನು ತೆರೆದಿಟ್ಟುಕೊಳ್ಳಿ, ಕೆಲಸದ ಕಡತ ತೆರೆದಿರುವಾಗ ಇದನ್ನು ಮಾಡಬೇಡಿ. ಪ್ರೋಗ್ರಾಂ ಹಿಡಿದು ಎಫ್11 ಒತ್ತಿ. ದೀಪಗಳು ಬೇಗ ಮಿನುಗುವಾಗ ಮ್ಯಾಕ್ರೋ ಯಾವ ಕೀಲಿಯಲ್ಲಿರಬೇಕೋ ಅದನ್ನು ಒತ್ತಿ. ಮಿನುಗು ನಿಧಾನವಾದ ಮೇಲೆ ಬೇಕಾದದ್ದನ್ನು ಟೈಪ್ ಮಾಡಿ. ಮುಗಿದಾಗ ಮತ್ತೆ ಪ್ರೋಗ್ರಾಂ ಎಫ್11. ನಡುವೆ ತಪ್ಪಿ ಅಳಿಸಿ ಬರೆದರೆ ಆ ಅಳಿಸುವಿಕೆಯೂ ಸೇರಿಕೊಂಡುಬಿಡುತ್ತದೆ, ಆಗ ಮೊದಲಿನಿಂದ ಮಾಡುವುದೇ ಲೇಸು. ಮ್ಯಾಕ್ರೋ ಕಟ್ಟಿದ ಕೀಲಿ ತನ್ನ ಸ್ವಂತ ಕೆಲಸ ಬಿಟ್ಟುಕೊಡುತ್ತದೆ. ಹಾಗಾಗಿ ನಿಮಗೆ ಬೇಡದ ಎಫ್ ಗುಂಡಿಗಳನ್ನೇ ಆರಿಸಿಕೊಳ್ಳಿ.

ನನ್ನ ಎಫ್8ರಲ್ಲಿ ‘ಪ್ರಶ್ನೆ’, ಎಫ್9ರಲ್ಲಿ ‘ಉತ್ತರ’ ಇವೆ. ಒಂದು ಗಂಟೆಯ ಸಂದರ್ಶನದಲ್ಲಿ ಈ ಎರಡು ಪದ ಎಷ್ಟು ಸಲ ಬರುತ್ತವೆ ಎಂದು ಆ ಕೆಲಸ ಮಾಡಿದವರಿಗೆ ಗೊತ್ತು. ‘ಪ್ರಶ್ನೆ’ ಬರೆಯಲು ಇನ್‌ಸ್ಕ್ರಿಪ್ಟ್‌ನಲ್ಲಿ ಪ, ್ (ಒತ್ತಕ್ಷರ ಮಾಡುವ ಚಿಹ್ನೆ), ರ, ಶ, ್, ನ, ೆ ಎಂದು ಏಳು ಕೀಲಿ ಬೇಕು. ಕೀಲಿಮಣೆ ನೆನಪಿಟ್ಟುಕೊಳ್ಳುವುದು ಎಚ್, ಡಿ, ಜೆ, ಶಿಫ್ಟ್ ಎಂ, ಡಿ, ವಿ, ಜಡ್ ಎಂಬ ಜಾಗಗಳನ್ನು. ಕಂಪ್ಯೂಟರ್ ಇಂಗ್ಲಿಷಿನಲ್ಲಿರುವಾಗ ಎಫ್8 ಒತ್ತಿದರೆ ಅವೇ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದೆ ಸಾಲಾಗಿ ಬೀಳುತ್ತವೆ. ಕೀಲಿಮಣೆ ಕೆಟ್ಟಿಲ್ಲ. ಮೇಲೆ ಹೇಳಿದೆನಲ್ಲ, ಅದಕ್ಕೆ ಜಾಗ ಮಾತ್ರ ಗೊತ್ತು. ಕನ್ನಡಕ್ಕೆ ಬದಲಿಸಿ ಒತ್ತಿದರೆ ಪದ ಸರಿಯಾಗಿ ಬರುತ್ತದೆ. ಇದೇ ಕಾರಣಕ್ಕೆ ಇನ್‌ಸ್ಕ್ರಿಪ್ಟ್‌ನಲ್ಲಿ ಕಟ್ಟಿದ ಮ್ಯಾಕ್ರೋ ಕಗಪದಲ್ಲಿ ಕೆಲಸಕ್ಕೆ ಬಾರದು. ವಿನ್ಯಾಸ ಬದಲಿಸಿದರೆ ಮ್ಯಾಕ್ರೋಗಳನ್ನೂ ಹೊಸದಾಗಿ ಕಟ್ಟಬೇಕು.

‘ಪ್ರಶ್ನೆ’ ಆದ ಮೇಲೆ ಎರಡು ಚುಕ್ಕೆ (:) ಹಾಕುವ ಆಸೆಯಿಂದ ನಾನು ಒಂದು ದಿನ ಕಳೆದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಚುಕ್ಕೆಗಳ ಕೀಲಿಯಲ್ಲಿ ಛ ಕುಳಿತಿದೆ. ಮ್ಯಾಕ್ರೋದ ಒಳಗೇ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಸೇರಿಸಿ, ಇಂಗ್ಲಿಷಿಗೆ ಹೋಗಿ ಚುಕ್ಕೆ ಹಾಕಿ ಕನ್ನಡಕ್ಕೆ ಮರಳುವಂತೆ ಕಟ್ಟಿದೆ. ಒಮ್ಮೆ ಸರಿಯಾಗಿ ಬಂದರೆ ಮೂರು ಸಲ ಛ ಬರುತ್ತಿತ್ತು. ಕೀಲಿಮಣೆ ಒತ್ತುಗಳನ್ನು ಒಂದರ ಬೆನ್ನಿಗೆ ಒಂದು ಸುರಿಯುತ್ತದೆ, ವಿಂಡೋಸ್‌ಗೆ ಭಾಷೆ ಬದಲಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಆದ್ದರಿಂದ ಭಾಷೆ ಬದಲಿಸುವ ಒತ್ತನ್ನು ಮ್ಯಾಕ್ರೋದಲ್ಲಿ ಎಂದೂ ಸೇರಿಸಬೇಡಿ. ಕಿಟಕಿ ತೆರೆದು, ಕಾದು, ಬರೆಯುವಂಥ ಯಾವುದೂ ಬೇಡ. ನಾನು ಚುಕ್ಕೆ ಬಿಟ್ಟು ಅಡ್ಡಗೆರೆ ಹಾಕತೊಡಗಿದೆ. ಅದು ಎರಡೂ ಭಾಷೆಗಳಲ್ಲಿ ಒಂದೇ ಕೀಲಿಯಲ್ಲಿದೆ. ಪಾಸ್‌ವರ್ಡ್ ಕೂಡ ಮ್ಯಾಕ್ರೋದಲ್ಲಿ ಇಡಬಾರದು. ಕೀಲಿಮಣೆಯನ್ನು ಯಾರ ಕಂಪ್ಯೂಟರಿಗೆ ಸಿಕ್ಕಿಸಿದರೂ ಒಂದೇ ಒತ್ತಿಗೆ ಅದು ಹೊರಗೆ ಬೀಳುತ್ತದೆ.

ಕೆಲವೊಮ್ಮೆ ಬರೆಯುತ್ತಿರುವಾಗ ಶಿಫ್ಟ್ ಅಥವಾ ಕಂಟ್ರೋಲ್ ಒತ್ತಿಯೇ ಇರುವಂತೆ ಕಂಪ್ಯೂಟರ್ ವರ್ತಿಸಬಹುದು. ಕ ಬದಲು ಖ, ಗ ಬದಲು ಘ ಬರತೊಡಗುತ್ತದೆ. ಎರಡೂ ಬದಿಯ ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಲಿಗಳನ್ನು ಒಂದೊಂದಾಗಿ ಒಮ್ಮೆ ಒತ್ತಿ ಬಿಡಿ. ಅದಕ್ಕೂ ಬಗ್ಗದಿದ್ದರೆ ತಂತಿ ಕಿತ್ತು ಸಿಕ್ಕಿಸಿ. ತಂತಿ ಕಿತ್ತರೆ ಏನೂ ಅಳಿಯುವುದಿಲ್ಲ ಎಂಬ ಧೈರ್ಯ ಇರಲಿ. ಎಫ್7 ಮೇಲೆ ಮಾತ್ರ ಬೆರಳಿರಬಾರದು.

ಕೊನೆಯದು ಕಾಲಿನ ಕೆಲಸ. ಕೀಲಿಮಣೆಯ ಹಿಂಬದಿಯಲ್ಲಿ ಹಳೆಯ ದೂರವಾಣಿಯ ತಂತಿ ಸಿಕ್ಕಿಸುವಂಥ ತೂತು ಇದೆ. ಅದಕ್ಕೆ ಕಿನೆಸಿಸ್‌ನದೇ ಕಾಲ್ಗುಂಡಿ ಸಿಗುತ್ತದೆ, ಅಣ್ಣ ಅದನ್ನೂ ಜೊತೆಗೆ ತಂದಿದ್ದ. ಏನೂ ಬದಲಿಸದಿದ್ದರೆ ಅದನ್ನು ತುಳಿದಾಗ ಅಕ್ಷರಗಳ ಅಡಿಯಲ್ಲಿರುವ ಸಂಖ್ಯೆಗಳ ಪದರ ತೆರೆದುಕೊಳ್ಳುತ್ತದೆ. ನನಗೆ ಬೇಕಾದದ್ದು ಬೇರೆ. ಧ್ವನಿಯನ್ನು ಕೇಳುತ್ತಾ ಬರೆಯಲು ನಾನು ಓಟ್ರಾನ್ಸ್‌ಕ್ರೈಬ್ ಎಂಬ ಉಚಿತ ಸಾಧನವನ್ನು ಬ್ರೌಸರಿನಲ್ಲಿ ತೆರೆಯುತ್ತೇನೆ. ಅದರಲ್ಲಿ ಎಸ್ಕೇಪ್ ಒತ್ತಿದರೆ ಧ್ವನಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಹೊರಡುತ್ತದೆ. ಎಫ್1 ಒತ್ತಿದರೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಪ್ರೋಗ್ರಾಂ ಎಫ್12 ಮಾಡಿ, ಎಸ್ಕೇಪ್ ಒತ್ತಿ, ಕಾಲ್ಗುಂಡಿಯನ್ನು ಒಮ್ಮೆ ತುಳಿದು, ಹೊರಬನ್ನಿ. ಎಡ ಹೆಬ್ಬೆರಳಿನ ಎಂಡ್ ಕೀಲಿಗೆ ಎಫ್1 ನಕಲು ಮಾಡಿ.

ಇಷ್ಟಾದ ಮೇಲೆ ಹಿರಿಯರೊಬ್ಬರು ಮಾತನಾಡುತ್ತಾ ನಡುವೆ ತಡೆದರೆ, ಕೆಮ್ಮಿದರೆ, ಹಳೆಯ ಗಾದೆಯೊಂದನ್ನು ಗೊಣಗಿಕೊಂಡರೆ, ಕೈಗಳು ಕೀಲಿಗಳ ಮೇಲೆ ಇರುವಲ್ಲೇ ಇರುತ್ತವೆ. ಕಾಲು ನಿಲ್ಲಿಸುತ್ತದೆ, ಹೆಬ್ಬೆರಳು ಹಿಂದಕ್ಕೆ ಕರೆದೊಯ್ಯುತ್ತದೆ, ಅದೇ ಮಾತನ್ನು ಇನ್ನೊಮ್ಮೆ ಕೇಳಿ ಬರೆದುಕೊಳ್ಳುತ್ತೇನೆ.